ನೇರಳೆ ಕಾಲಕ್ಕೊಂದು ಕಾಬ್ಲರ್

ಹೋದ ತಿಂಗಳು ಮಾವಿನಹಣ್ಣಿನ ಕೇಕಿನ ಬಗ್ಗೆ ಬರೆಯುತ್ತ ‘ಕಾಬ್ಲರ್’ ಎನ್ನುವ ತಿಂಡಿಯ ಹೆಸರನ್ನು ಒಂದೇ ಒಂದು ಸಾಲಿನಲ್ಲಿ ಎತ್ತಿ ಮುಂದೆ ಹೋಗಿಬಿಟ್ಟಿದ್ದೆ. ಅಷ್ಟಕ್ಕೇ ಇಷ್ಟು ಕಾಗದ ಬರುತ್ತವೆ ಎಂದುಕೊಂಡಿರಲಿಲ್ಲ. ಹೆಚ್ಚಿನವು ಕೊಳ್ಳೇಗಾಲ, ಹನೂರು, ಯಳಂದೂರು ಕಡೆಯವು. ಆ ಕಡೆ ಈಗ ನೇರಳೆ ಹಣ್ಣಿನ ಸುಗ್ಗಿ. ಕಾರಣ ಅದೇ ಇರಬೇಕು. ಕೆಲವನ್ನು ಆರಿಸಿ ಉತ್ತರಿಸಿದ್ದೇನೆ.

ಪ್ರಶ್ನೆ: ಮಗಳ ಬಾಣಂತನಕ್ಕೆಂದು ನ್ಯೂಜೆರ್ಸಿಗೆ ಹೋಗಿ ಆರು ತಿಂಗಳು ಇದ್ದು ಬಂದೆ. ಅಲ್ಲಿ ಪಕ್ಕದ ಮನೆಯಾಕೆ ಬ್ಲೂಬೆರಿ ಕಾಬ್ಲರ್ ಮಾಡಿ ತಂದುಕೊಟ್ಟಿದ್ದರು. ಮೊಟ್ಟೆ ಇಲ್ಲ ಎಂದು ಎರಡೆರಡು ಸಲ ಕೇಳಿಕೊಂಡೇ ತಿಂದೆ. ಬಿಸಿಬಿಸಿ ಹಣ್ಣು, ಮೇಲೆ ಗರಿಗರಿ, ಒಳಗೆ ಮೆತ್ತಗೆ. ಊರಿಗೆ ಬಂದ ಮೇಲೂ ಆಸೆ ಹೋಗಲಿಲ್ಲ. ಮೈಸೂರಿಗೆ ಹೋದಾಗ ಬ್ಲೂಬೆರಿಯ ಒಂದು ಸಣ್ಣ ಡಬ್ಬಿಯ ಬೆಲೆ ಕೇಳಿ ಅಲ್ಲೇ ಇಟ್ಟು ಬಂದೆ. ಬೇರೆ ಹಣ್ಣಿನಲ್ಲಿ ಆಗುತ್ತದೆಯೇ?
— ಗೃಹಿಣಿ, ಕೊಳ್ಳೇಗಾಲ

ಉತ್ತರ: ಡಬ್ಬಿ ಅಲ್ಲೇ ಇಟ್ಟು ಬಂದದ್ದು ಒಳ್ಳೆಯದೇ ಆಯಿತು. ದೂರದಿಂದ ಬಂದು ಶೀತಲಪೆಟ್ಟಿಗೆಯಲ್ಲಿ ಕುಳಿತ ಬ್ಲೂಬೆರಿ ನೋಡಲು ಚೆಂದ, ಬಾಯಿಗಿಟ್ಟರೆ ಬರೀ ಸಪ್ಪೆ ನೀರು.

ನೀವು ಹೋಗಿದ್ದ ನ್ಯೂಜೆರ್ಸಿಯೇ ಬ್ಲೂಬೆರಿ ಕೃಷಿಯ ತವರು. ಅಲ್ಲಿ ಕೃಷಿ ಶುರುವಾಗುವವರೆಗೆ ಅದು ಕಾಡಿನಲ್ಲಿ ಆಯ್ದು ತರುವ ಹಣ್ಣಾಗಿತ್ತು, ಥೇಟ್ ನಮ್ಮ ನೇರಳೆಯ ಹಾಗೆ. ಎಲಿಜಬೆತ್ ವೈಟ್ ಎಂಬ ತೋಟಗಾರರ ಮನೆಯ ಮಹಿಳೆ, ದೊಡ್ಡ ಹಣ್ಣು ಬಿಡುವ ಗಿಡ ತೋರಿಸಿದವರಿಗೆ ಹಣ ಕೊಡುತ್ತೇನೆಂದು ಕಾಡಿನಲ್ಲಿ ಹಣ್ಣು ಆಯುವವರಿಗೆ ಹೇಳಿದರು. ಹಾಗೆ ಸಿಕ್ಕ ಗಿಡಗಳನ್ನು ಫ್ರೆಡರಿಕ್ ಕೊವಿಲ್ ಎಂಬ ಸಸ್ಯವಿಜ್ಞಾನಿ ಒಂದಕ್ಕೊಂದು ಕೂಡಿಸಿ ತಳಿ ಮಾಡಿದರು. ತೋಟದಲ್ಲಿ ಬೆಳೆದ ಮೊದಲ ಬೆಳೆ ಮಾರುಕಟ್ಟೆಗೆ ಬಂದದ್ದು 1916ರಲ್ಲಿ. ನಮ್ಮ ನೇರಳೆ ಮಾತ್ರ ಬಹುಪಾಲು ಇನ್ನೂ ಆ 1916ರ ಹಿಂದೆಯೇ ನಿಂತಿದೆ: ಹೊಲದ ಬದುವಿನಲ್ಲಿ, ಕೆರೆ ಏರಿಯ ಮೇಲೆ, ಯಾರೂ ನೆಡದ, ಯಾರೂ ನೀರು ಹಾಕದ ಮರ.

ಕಾಬ್ಲರ್ ಹುಟ್ಟಿದ್ದೂ ಇಲ್ಲದ ಹೊತ್ತಿನಲ್ಲೇ. ಇಂಗ್ಲೆಂಡಿನಿಂದ ಹೋಗಿ ಅಮೆರಿಕದಲ್ಲಿ ನೆಲೆಸಿದವರಿಗೆ ತಮ್ಮೂರಿನ ಪುಡಿಂಗಿಗೆ ಬೇಕಾದ ಕೊಬ್ಬು, ಪಾತ್ರೆಪಗಡಿ ಅಲ್ಲಿ ಸಿಗಲಿಲ್ಲ. ಕೈಗೆ ಸಿಕ್ಕ ಹಣ್ಣನ್ನು ಪಾತ್ರೆಗೆ ಸುರಿದು ಮೇಲೆ ಹಿಟ್ಟು ಹಾಕಿ ಬೇಯಿಸಿಕೊಂಡರು. ಹಾಗಾಗಿ ಬ್ಲೂಬೆರಿ ಇಲ್ಲ ಎಂದು ನೀವು ಕೊರಗಬೇಕಾಗಿಲ್ಲ. ನೇರಳೆಯಲ್ಲಿ ಮಾಡಿದರೆ ಅದು ಬದಲಿ ತಿಂಡಿಯಲ್ಲ, ಕಾಬ್ಲರೇ.

ಆದರೆ ಬ್ಲೂಬೆರಿಗೂ ನೇರಳೆಗೂ ಬಣ್ಣ ಬಿಟ್ಟರೆ ನೆಂಟಸ್ತನವಿಲ್ಲ. ನೇರಳೆಗೆ ಹತ್ತಿರದ ಬಂಧು ಲವಂಗ. ಆದ್ದರಿಂದ ಎರಡು ಲವಂಗ ಕುಟ್ಟಿ ಹಾಕಿ ನೋಡಿ, ಹಣ್ಣಿನ ಘಮ ಎದ್ದು ಬರುತ್ತದೆ. ನೇರಳೆಯಲ್ಲಿ ಒಗರಿದೆ, ಬೀಜವಿದೆ. ಕಷ್ಟ ಇರುವುದು ಇವೆರಡರಲ್ಲೇ. ಮುಕ್ಕಾಲು ಕಿಲೋ ಚೆನ್ನಾಗಿ ಕಪ್ಪಾದ ಹಣ್ಣನ್ನು ಉಪ್ಪುನೀರಿನಲ್ಲಿ ಹತ್ತು ನಿಮಿಷ ನೆನೆಸಿ ತೊಳೆಯಿರಿ. ಬಾಣಲೆಗೆ ಹಾಕಿ, ಎರಡು ದೊಡ್ಡ ಚಮಚ ನೀರು ಚಿಮುಕಿಸಿ, ಸಣ್ಣ ಉರಿಯಲ್ಲಿ ಐದು ನಿಮಿಷ ಮುಚ್ಚಿಡಿ. ತಿರುಳು ಸಡಿಲವಾಗುತ್ತದೆ, ಆರಿದ ಮೇಲೆ ಕೈಯಲ್ಲಿ ಹಿಸುಕಿದರೆ ಬೀಜ ತಾನೇ ಜಾರುತ್ತದೆ. ಎರಡು ಕಪ್ಪಿನಷ್ಟು ತಿರುಳು ಸಿಕ್ಕಿತೆಂದರೆ ಸಾಕು. (ಕೊಳ್ಳೇಗಾಲದವರಿಗೆ ಬೇರೆ ಹೇಳಬೇಕಿಲ್ಲ, ಆದರೂ ಹೇಳುತ್ತೇನೆ: ರೇಷ್ಮೆ ಸೀರೆ ಉಟ್ಟುಕೊಂಡು ಈ ಕೆಲಸಕ್ಕೆ ಕೂರಬೇಡಿ. ನೇರಳೆ ಕಲೆ ಜನ್ಮಕ್ಕಂಟಿದ ಹಾಗೆ.) ತಿರುಳಿಗೆ ಕಾಲು ಕಪ್ ಸಕ್ಕರೆ, ಒಂದು ದೊಡ್ಡ ಚಮಚ ಕಾರ್ನ್‌ಫ್ಲೋರ್, ಅರ್ಧ ನಿಂಬೆಹಣ್ಣಿನ ರಸ, ಲವಂಗದ ಪುಡಿ ಬೆರೆಸಿ ಪಕ್ಕಕ್ಕಿಡಿ.

ಹಿಟ್ಟಿಗೆ ಒಂದು ಕಪ್ ಮೈದಾ, ಮುಕ್ಕಾಲು ಕಪ್ ಸಕ್ಕರೆ, ಒಂದೂವರೆ ಟೀ ಚಮಚ ಬೇಕಿಂಗ್ ಪೌಡರ್, ಕಾಲು ಚಮಚ ಉಪ್ಪು. ಒಂದು ಕಪ್ ಹಾಲು ಸುರಿದು ಗಂಟಿಲ್ಲದಂತೆ ಕಲಸಿ. ನೀರುದೋಸೆಯಷ್ಟು ತೆಳ್ಳಗೂ ಬೇಡ, ಇಡ್ಲಿಯಷ್ಟು ಗಟ್ಟಿಯೂ ಬೇಡ. ಸೆಟ್ ದೋಸೆಯ ಹದ. ಎಂಟು ಅಂಗುಲ ಅಗಲ, ಎರಡು ಅಂಗುಲ ಆಳದ ತಟ್ಟೆಯಲ್ಲಿ 75 ಗ್ರಾಂ ಬೆಣ್ಣೆ ಕರಗಿಸಿ, ಅದರ ಮೇಲೆ ಹಿಟ್ಟು ಸುರಿಯಿರಿ, ಹಿಟ್ಟಿನ ಮೇಲೆ ಅಲ್ಲಲ್ಲಿ ಚಮಚದಿಂದ ಹಣ್ಣು ಬಿಡಿ. ಇಲ್ಲಿಗೆ ಕೈ ಕಟ್ಟಿಕೊಳ್ಳಬೇಕು. ಕಲಸಬಾರದು. ನಮ್ಮ ಕೈಗೆ ಏನಾದರೂ ಪಾತ್ರೆಯಲ್ಲಿದ್ದರೆ ಸೌಟು ಆಡಿಸುವ ಚಟ. ಕಾಬ್ಲರ್ ಕೆಡುವುದು ಅಲ್ಲಿಯೇ. ಭಾರದ ಹಣ್ಣು ತಾನೇ ಕೆಳಗಿಳಿಯುತ್ತದೆ, ಹಿಟ್ಟು ಉಬ್ಬುತ್ತ ಅದನ್ನು ದಾಟಿ ಮೇಲೇರುತ್ತದೆ, ಬೆಣ್ಣೆ ಅಂಚಿನಲ್ಲಿ ಹತ್ತಿಕೊಂಡು ಗರಿ ಮಾಡುತ್ತದೆ. ಕಲಸಿದರೆ ಸಿಗುವುದು ನೇರಳೆ ಬಣ್ಣದ ಮೆತ್ತನೆ ಕೇಕು, ಅಷ್ಟೇ. ಓವನ್ನಿನಲ್ಲಿ 180 ಡಿಗ್ರಿಗೆ 45ರಿಂದ 50 ನಿಮಿಷ. ಅಂಚು ಹೊಂಬಣ್ಣಕ್ಕೆ ತಿರುಗಿ, ನಡುವೆ ಹಣ್ಣಿನ ರಸ ದಪ್ಪ ಗುಳ್ಳೆಯಾಗಿ ಕುದಿಯುತ್ತಿದ್ದರೆ ಆಯಿತೆಂದು ತಿಳಿಯಿರಿ. ಗುಳ್ಳೆ ತೆಳ್ಳಗೆ, ಸರಸರ ಏಳುತ್ತಿದ್ದರೆ ಇನ್ನೂ ಐದು ನಿಮಿಷ ಬಿಡಿ. ತೆಗೆದ ಮೇಲೂ ಕಾಲು ಗಂಟೆ ಆರಬೇಕು, ಆಗಲೇ ರಸ ಗಟ್ಟಿಯಾಗುವುದು.

ಮೊಟ್ಟೆಯ ಮಾತು ಎತ್ತಿದ್ದೀರಿ. ಈ ಬಗೆಯ ಕಾಬ್ಲರಿಗೆ ಮೊಟ್ಟೆ ಬೇಕೇ ಇಲ್ಲ. ಸೋಮವಾರ ಮಾದಪ್ಪನ ವಾರ ಹಿಡಿದ ಮನೆಯವರೂ ಯೋಚನೆಯಿಲ್ಲದೆ ತಿನ್ನಬಹುದು.

ಪ್ರಶ್ನೆ: ನಾನು ಬಿ.ಎಸ್ಸಿ. ವಿದ್ಯಾರ್ಥಿನಿ. ಬೇಕಿಂಗ್ ಪೌಡರ್ ಇಲ್ಲವೆಂದು ಅಮ್ಮನ ಡಬ್ಬಿಯಲ್ಲಿದ್ದ ಅಡುಗೆ ಸೋಡ ಒಂದು ಚಮಚ ಹಾಕಿ ನೇರಳೆ ಕಾಬ್ಲರ್ ಮಾಡಿದೆ. ಹಣ್ಣಿನ ಸುತ್ತ ಎಲ್ಲ ಹಸಿರು ಮಿಶ್ರಿತ ಬೂದಿ ಬಣ್ಣ! ಅಣ್ಣ ‘ಪಾಚಿ ಹಲ್ವ’ ಎಂದು ಹೆಸರಿಟ್ಟ. ವಿಷವಾಗಿತ್ತೇ?
— ಯಳಂದೂರು

ಉತ್ತರ: ವಿಷವಲ್ಲ ತಂಗಿ, ನಿನ್ನದೇ ಪಠ್ಯದ ಪ್ರಯೋಗ. ನೇರಳೆಯ ಬಣ್ಣ ಆಂಥೋಸಯನಿನ್ ಎಂಬ ವಸ್ತುವಿನದು. ಹುಳಿಯಲ್ಲಿ ಅದು ಕೆಂಪು, ಕ್ಷಾರದಲ್ಲಿ ನೀಲಿ, ಕ್ಷಾರ ಇನ್ನೂ ಹೆಚ್ಚಿದರೆ ಹಸಿರು. ಲಿಟ್ಮಸ್ ಕಾಗದ ಮಾಡುವ ಕೆಲಸವನ್ನೇ ಹಣ್ಣು ಮಾಡಿದೆ. ಸೋಡ ಬರೀ ಕ್ಷಾರ. ಬೇಕಿಂಗ್ ಪೌಡರಿನಲ್ಲಿ ಸೋಡದ ಜೊತೆಗೆ ಅದನ್ನು ಸರಿದೂಗಿಸುವ ಹುಳಿಯೂ ಇರುತ್ತದೆ. ಮನೆಯಲ್ಲಿ ಸೋಡ ಮಾತ್ರ ಇದ್ದರೆ ಒಂದು ಕಪ್ ಹಿಟ್ಟಿಗೆ ಕಾಲು ಟೀ ಚಮಚ ಸಾಕು, ಆಗ ಹಾಲಿನ ಬದಲು ಹುಳಿಮಜ್ಜಿಗೆ ಹಾಕಿ ಕಲಸು. ಒಂದು ಚಮಚ ಹಾಕಿದ್ದೀಯಲ್ಲ, ತಿಂದವರಿಗೆ ಸಾಬೂನಿನ ರುಚಿಯೂ ಬಂದಿರಬೇಕು. ಅಣ್ಣ ಪಾಪ ಅದನ್ನು ಹೇಳಿಲ್ಲ.

ಇದರದ್ದೇ ಇನ್ನೊಂದು ರೂಪ ಬೆಲ್ಲದಲ್ಲಿದೆ. ಆಲೆಮನೆಯಲ್ಲಿ ಕಬ್ಬಿನ ಹಾಲು ತಿಳಿಯಾಗಲೆಂದು ಸುಣ್ಣ ಹಾಕುತ್ತಾರೆ. ಸುಣ್ಣ ಹೆಚ್ಚಾದ ಬೆಲ್ಲದಲ್ಲಿ ಹಣ್ಣು ಬೇಯಿಸಿದರೆ ಬಣ್ಣ ಮಂಕಾಗುತ್ತದೆ. ಬೆಲ್ಲವೇ ಬೇಕೆಂದರೆ ನಿಂಬೆರಸ ಒಂದು ಚಮಚ ಹೆಚ್ಚಿಗೆ ಹಾಕು. ಬಣ್ಣ ಮರಳಿ ಬರುವುದನ್ನು ಕಣ್ಣಾರೆ ನೋಡಬಹುದು. ಅಣ್ಣನನ್ನು ಪಕ್ಕದಲ್ಲಿ ನಿಲ್ಲಿಸಿಕೊಂಡೇ ಮಾಡು.

ಪ್ರಶ್ನೆ: ಅಕ್ಕಾ, ನಮ್ ಹುಡ್ಗ ಮೊಬೈಲ್‌ನಲ್ಲಿ ಈ ತಿಂಡಿ ನೋಡ್ಬುಟ್ಟು ಮಾಡ್ಕೊಡವ್ವ ಅಂತ ಒಂದೇ ಸಮ ಕಾಡ್ತಾವ್ನ. ಓವನ್ನು ಗೀವನ್ನು ನಮ್ಮಂಥೋರ ಮನಲಿ ಎಲ್ಲಿ ಬಂತು? ಗ್ಯಾಸು ಅದ, ಹಿತ್ಲಲ್ಲಿ ಸೌದೆ ಒಲೆ ಅದ. ಮೈದಾ ತಿಂದ್ರ ನಮ್ಮತ್ತೆಗ ಆಗದಿಲ್ಲ. ಮನ ತುಂಬ ರಾಗಿ ಅದ. ರಾಗಿಲಿ ಮಾಡಬೋದಾ?
— ಕೌದಳ್ಳಿ, ಹನೂರು ತಾಲ್ಲೂಕು

ಉತ್ತರ: ಸೌದೆ ಒಲೆ ಇದ್ದರೆ ನಿಮ್ಮ ಮನೆಯಲ್ಲಿ ಓವನ್ ಇದ್ದ ಹಾಗೆಯೇ, ಅವ್ವ. ಅಮೆರಿಕದಲ್ಲಿ ದನ ಹೊಡೆದುಕೊಂಡು ಊರಿಂದೂರಿಗೆ ಹೋಗುತ್ತಿದ್ದವರು ಕಾಬ್ಲರನ್ನು ಬಯಲಲ್ಲೇ ಬೇಯಿಸುತ್ತಿದ್ದರು: ದಪ್ಪ ಎರಕದ ಕಬ್ಬಿಣದ ಪಾತ್ರೆ, ಅಂಚು ಎತ್ತಿದ ಮುಚ್ಚಳ, ಅಡಿಯಲ್ಲಿ ಕೆಂಡ, ಮುಚ್ಚಳದ ಮೇಲೂ ಕೆಂಡ. ಓವನ್ ಕಾಣದ ನಮ್ಮ ಎಷ್ಟೋ ಮನೆಗಳಲ್ಲಿ ಕ್ರಿಸ್‌ಮಸ್ ಕೇಕು ಬೆಂದದ್ದೂ ಇದೇ ಉಪಾಯದಲ್ಲಿ.

ಉರಿ ಆರಿಸಿ, ಬರೀ ಕೆಂಡ ಉಳಿಸಿಕೊಳ್ಳಿ. ಜಾಲಿ ಸೌದೆಯದಾದರೆ ಕೆಂಡ ಹೆಚ್ಚು ಹೊತ್ತು ನಿಲ್ಲುತ್ತದೆ. ದಪ್ಪ ತಳದ ಪಾತ್ರೆಯ ಅಡಿಗೆ ಒಂದು ಅಂಗುಲ ಮರಳು ಹರಡಿ, ಮೇಲೆ ಒಂದು ಸಣ್ಣ ಸಿಂಬೆ ಇಟ್ಟು, ಅದರ ಮೇಲೆ ಕಾಬ್ಲರ್ ತಟ್ಟೆ ಇಡಿ. ಮುಚ್ಚಳದ ಮೇಲೆ ಕೆಂಡ ಹೆಚ್ಚು, ಕೆಳಗೆ ಕಮ್ಮಿ. ಈ ಲೆಕ್ಕ ತಲೆಕೆಳಗಾದರೆ ತಳ ಕರಿ, ಮೇಲೆ ಹಸಿ. ನಲವತ್ತು ನಿಮಿಷದ ನಡುವೆ ಒಂದು ಸಲ ಮೇಲಿನ ಕೆಂಡ ಬದಲಿಸಿ. ಮುಚ್ಚಳ ಎತ್ತುವಾಗ ಬೂದಿ ಒಳಗೆ ಬೀಳದಂತೆ ಒಂದೇ ಕಡೆಗೆ ಓರೆ ಮಾಡಿ.

ಗ್ಯಾಸಿನ ಮೇಲಾದರೆ ಹಳೆಯ ಕುಕ್ಕರ್ ತೆಗೆದುಕೊಳ್ಳಿ. ಗ್ಯಾಸ್ಕೆಟ್ಟೂ ಬೇಡ, ವಿಶಲ್ಲೂ ಬೇಡ, ಇದೊಂದನ್ನು ಮರೆಯಬೇಡಿ. ತಳಕ್ಕೆ ಎರಡು ಕಪ್ ಉಪ್ಪೋ ಮರಳೋ ಹಾಕಿ ಹತ್ತು ನಿಮಿಷ ಕಾಯಿಸಿ ತಟ್ಟೆ ಇಳಿಸಿ. ನೀರಿಲ್ಲದೆ ಕಾಯಿಸುವುದರಿಂದ ಹೊಸ ಕುಕ್ಕರ್ ಹಾಳಾಗುತ್ತದೆ, ಅದಕ್ಕೇ ಹಳೆಯದು ಎಂದದ್ದು. ಸಣ್ಣ ಉರಿಯಲ್ಲಿ ಒಂದು ಗಂಟೆ ಹಿಡಿಯುತ್ತದೆ. ಬೇಯುವುದು ಬೇಯುತ್ತದೆ, ಆದರೆ ಮೇಲ್ಭಾಗ ಕೆಂಪಗಾಗುವುದಿಲ್ಲ. ನನ್ನನ್ನು ಕೇಳಿದರೆ ಕೆಂಡದ್ದೇ ಮೇಲು.

ಇನ್ನು ರಾಗಿ. ಬರೀ ರಾಗಿಹಿಟ್ಟು ಉಬ್ಬಿದ್ದನ್ನು ಹಿಡಿದು ನಿಲ್ಲಿಸಲಾರದು. ಗೋಧಿಯಲ್ಲಿರುವ ಅಂಟು ಅದರಲ್ಲಿಲ್ಲ. ಅರ್ಧ ರಾಗಿ, ಅರ್ಧ ಗೋಧಿಹಿಟ್ಟು ಹಾಕಿ. ಆದರೆ ನಿಮ್ಮತ್ತೆಯವರಿಗೆ ಆಗದೇ ಇರುವುದು ಮೈದಾ ಒಂದೋ, ಗೋಧಿಯೂ ಸೇರಿಯೋ? ಗೋಧಿಯೂ ಆಗುವುದಿಲ್ಲ ಎಂದಾದರೆ ಅದರ ಜಾಗಕ್ಕೆ ಅಕ್ಕಿಹಿಟ್ಟು. ಆಗ ಅಷ್ಟು ಉಬ್ಬುವುದಿಲ್ಲ, ರುಚಿಗೆ ಮೋಸವಿಲ್ಲ. ರಾಗಿಹಿಟ್ಟನ್ನು ಎರಡು ಸಲ ಜರಡಿ ಹಿಡಿದು, ಘಮ್ಮೆನ್ನುವವರೆಗೆ ಬಾಣಲೆಯಲ್ಲಿ ಬೆಚ್ಚಗೆ ಹುರಿಯಿರಿ. ರಾಗಿ ಹಾಲು ಕುಡಿಯುತ್ತದೆ, ಕಾಲು ಕಪ್ ಹೆಚ್ಚಿಗೆ ಬೇಕು. ಬೇಕಿಂಗ್ ಪೌಡರ್ ಬಿಟ್ಟು ಉಳಿದದ್ದನ್ನೆಲ್ಲ ಕಲಸಿ ಇಪ್ಪತ್ತು ನಿಮಿಷ ನೆನೆಯಲು ಬಿಡಿ, ಪೌಡರ್ ಕೊನೆಗೆ. ಇಲ್ಲಿ ಸಕ್ಕರೆಗಿಂತ ಬೆಲ್ಲ ಚೆನ್ನ. ಬಣ್ಣ ನೋಡಿ ಬೆಂದಿದೆ ಎಂದು ಹೇಳಲಾಗದು, ಮೊದಲೇ ಕಂದು. ಅಂಚಿನಲ್ಲಿ ಕಡ್ಡಿ ಚುಚ್ಚಿ ನೋಡಿ. ನೇರಳೆಯ ಒಗರು, ರಾಗಿಯ ಮಣ್ಣಿನ ಘಮ, ಬೆಲ್ಲ! ಮೈದಾದ್ದಕ್ಕಿಂತ ನನಗೆ ಇದೇ ಇಷ್ಟ.

ಪ್ರಶ್ನೆ: ಮೂರು ಎಕರೆ ಹಿಪ್ಪುನೇರಳೆ ಇಟ್ಟಿದ್ದೇನೆ. ಸೊಪ್ಪು ಕೊಯ್ಯುವ ಹೊತ್ತಿಗೆ ಕಡ್ಡಿಯ ತುಂಬ ಹಣ್ಣು. ಮಕ್ಕಳು, ಗುಬ್ಬಿಗಳು ತಿಂದು ಮಿಕ್ಕದ್ದೆಲ್ಲ ಮಣ್ಣು ಪಾಲು. ಇದೂ ಬ್ಲೂಬೆರಿ ತರಹವೇ ಅಲ್ಲವೇ?
— ರೇಷ್ಮೆ ಬೆಳೆಗಾರ, ಕೊಳ್ಳೇಗಾಲ ತಾಲ್ಲೂಕು

ಉತ್ತರ: ಅಡುಗೆಯ ಲೆಕ್ಕದಲ್ಲಿ ನೇರಳೆಗಿಂತ ನಿಮ್ಮ ಹಿಪ್ಪುನೇರಳೆಯೇ ಬ್ಲೂಬೆರಿಗೆ ಹತ್ತಿರ: ಬೀಜ ಬಿಡಿಸುವ ಪಾಡಿಲ್ಲ, ಒಗರಿಲ್ಲ, ಇಡಿಯಾಗಿಯೇ ಹಾಕಬಹುದು. ರೇಷ್ಮೆಗೆ ಹೆಸರಾದ ಊರಿನಲ್ಲಿ ಎಲೆಗಿರುವ ಬೆಲೆಯ ಒಂದಂಶವೂ ಹಣ್ಣಿಗಿಲ್ಲ. ಹುಳುವಿಗೆ ಬೇಕಾದದ್ದು ಸೊಪ್ಪು, ಸರಿ. ಹಣ್ಣು ಮನೆಯವರಿಗಾದರೂ ಸಲ್ಲಲಿ.

ಆದರೆ ಮೊದಲು ಔಷಧಿಯ ಮಾತು. ಸೊಪ್ಪಿಗೆ ಏನಾದರೂ ಹೊಡೆದರೆ ಇಷ್ಟು ದಿನ ಹುಳುವಿಗೆ ಕೊಡಬಾರದು ಎಂಬ ಲೆಕ್ಕ ನಿಮಗೆ ಬಾಯಿಪಾಠ. ಹಣ್ಣಿಗೆ ಆ ಲೆಕ್ಕವೊಂದೇ ಸಾಲದು. ಕೀಟನಾಶಕ ಉಳಿದಿದ್ದರೆ ಹುಳು ಸತ್ತು ನಿಮಗೆ ಹೇಳುತ್ತದೆ. ಎಲೆಚುಕ್ಕೆ ರೋಗಕ್ಕೆ ಹೊಡೆದ ಶಿಲೀಂಧ್ರನಾಶಕದ ಸುದ್ದಿಯನ್ನು ಅದು ಹೇಳಲಿಕ್ಕಿಲ್ಲ. ಹಾಗಾಗಿ ಆ ಬೆಳೆಗೆ ಏನೂ ಹೊಡೆಯದ ಸಾಲಿನಿಂದ, ಇಲ್ಲವೇ ಬೇಲಿಯಲ್ಲಿ ಮರವಾಗಿ ಬೆಳೆಯಲು ಬಿಟ್ಟ ಗಿಡದಿಂದ ಮಾತ್ರ ಹಣ್ಣು ತೆಗೆಯಿರಿ.

ಪೂರ್ತಿ ಕಪ್ಪಾದದ್ದೇ ಬೇಕು, ಕೆಂಪಗಿರುವುದು ಇನ್ನೂ ಕಾಯಿ. ಬೆಳಿಗ್ಗೆ ಕೊಯ್ದದ್ದು ಸಂಜೆಗೆ ಸೋರುವ ಹಣ್ಣು ಇದು, ಅಂದಂದೇ ಮಾಡಿ. ತೊಳೆದು ಇಡಬೇಡಿ, ಪಾತ್ರೆಗೆ ಹಾಕುವ ಮುಂಚೆ ತೊಳೆದರೆ ಸಾಕು. ತೊಟ್ಟನ್ನು ಕತ್ತರಿಯಿಂದ ಕತ್ತರಿಸಿ, ಕಿತ್ತರೆ ಹಣ್ಣು ಒಡೆಯುತ್ತದೆ. ಸಿಹಿ ಹೆಚ್ಚು, ಹುಳಿ ಕಡಿಮೆ. ಆದ್ದರಿಂದ ಹಣ್ಣಿಗೆ ಹಾಕುವ ಸಕ್ಕರೆ ಎರಡು ದೊಡ್ಡ ಚಮಚಕ್ಕೆ ಇಳಿಸಿ, ನಿಂಬೆ ಒಂದು ಇಡೀ ಹಣ್ಣಿನದು. ನೀರಿನಂಶ ಜಾಸ್ತಿ ಇರುವುದರಿಂದ ಕಾರ್ನ್‌ಫ್ಲೋರ್ ಒಂದೂವರೆ ಚಮಚ. ಲವಂಗ ಬೇಡ, ಏಲಕ್ಕಿ ಇರಲಿ.

ಪ್ರಶ್ನೆ: ಬಿಳಿಗಿರಿರಂಗನ ಬೆಟ್ಟದಲ್ಲಿ ಪ್ರವಾಸಿಗರಿಗೆ ಅಡುಗೆ ಮಾಡುವ ಕೆಲಸ ನನ್ನದು. ಕೆಳಗೆ ಯಳಂದೂರಿನ ನಮ್ಮ ಮನೆಯಲ್ಲಿ ಚೆನ್ನಾಗಿ ಬಂದ ಕಾಬ್ಲರ್ ಇಲ್ಲಿ ಉಬ್ಬಿ ಉಬ್ಬಿ ಕೊನೆಗೆ ನಡುವೆ ಕುಸಿಯುತ್ತದೆ. ಅದೇ ಅಳತೆ, ಅದೇ ಒಟಿಜಿ.

ಉತ್ತರ: ಅಳತೆ ಅದೇ, ಎತ್ತರ ಬೇರೆಯಲ್ಲವೇ? ದೇವಸ್ಥಾನದ ಬೆಟ್ಟ ಸಮುದ್ರಮಟ್ಟದಿಂದ ಸುಮಾರು 5,000 ಅಡಿ. ಮೇಲೆ ಹೋದಷ್ಟೂ ಗಾಳಿಯ ಒತ್ತಡ ಇಳಿಯುತ್ತದೆ. ಸುಮಾರು 300 ಮೀಟರಿಗೆ ಒಂದು ಡಿಗ್ರಿಯಂತೆ ನೀರು ಬೇಗ ಕುದಿಯುತ್ತದೆ. ಬೆಟ್ಟದ ಮೇಲೆ ತೆರೆದ ಪಾತ್ರೆಯಲ್ಲಿ ಬೇಳೆ ಬೇಯಲು ಸತಾಯಿಸುವುದನ್ನು ನೀವು ನೋಡಿಯೇ ಇರುತ್ತೀರಿ. ಕಾಬ್ಲರಿನಲ್ಲಿ ಆಗುವುದು ಇದು: ಒತ್ತಡ ಕಡಿಮೆ ಇರುವುದರಿಂದ ಹಿಟ್ಟಿನೊಳಗಿನ ಗಾಳಿಗುಳ್ಳೆ ಬೇಗ, ದೊಡ್ಡದಾಗಿ ಹಿಗ್ಗುತ್ತದೆ, ಅದನ್ನು ಹಿಡಿದು ನಿಲ್ಲಿಸುವಷ್ಟು ಹಿಟ್ಟು ಆಗಿನ್ನೂ ಬೆಂದಿರುವುದಿಲ್ಲ. ಗುಳ್ಳೆ ಒಡೆಯಿತು, ಗುಡಾರ ಬಿತ್ತು. ಬೇಕಿಂಗ್ ಪೌಡರನ್ನು ಕಾಲು ಭಾಗ ಕಡಿಮೆ ಮಾಡಿ, ಹಾಲು ಎರಡು ಚಮಚ ಹೆಚ್ಚಿಸಿ, ಶಾಖ 190 ಡಿಗ್ರಿಗೆ ಏರಿಸಿ. ಸಕ್ಕರೆ ಒಂದು ಚಮಚ ತಗ್ಗಿಸಿದರೂ ಒಳ್ಳೆಯದೇ.

ಸೋಲಿಗರು ತರುವ ಜೇನು ನಿಮಗೆ ಹತ್ತಿರದಲ್ಲೇ ಸಿಗುತ್ತದೆ. ಅದನ್ನು ಹಿಟ್ಟಿಗೆ ಬೆರೆಸಿದರೆ ಮೇಲ್ಭಾಗ ಬೇಗ ಕಪ್ಪಾಗುತ್ತದೆ, ಘಮವೂ ಹಾರಿಹೋಗುತ್ತದೆ. ಬಡಿಸುವಾಗ ಮೇಲೆ ಸುರಿಯಿರಿ. ಇನ್ನೊಂದು ಮಾತು: ಹಣ್ಣನ್ನು ಅತಿಥಿಗಳ ಕೈಯಲ್ಲಿ ಕಾಡಿನಿಂದ ಆರಿಸಿ ತರಿಸುವ ಹುಮ್ಮಸ್ಸು ಬೇಡ. ಅದು ಹುಲಿ ಸಂರಕ್ಷಿತ ಪ್ರದೇಶ. ಅಲ್ಲಿನ ಕಿರು ಅರಣ್ಯ ಉತ್ಪನ್ನದ ಮೇಲಿನ ಸಮುದಾಯ ಹಕ್ಕು 2011ರಲ್ಲಿ, ಅರಣ್ಯ ಹಕ್ಕು ಕಾಯ್ದೆಯ ಅಡಿ, ಸೋಲಿಗರಿಗೆ ಸಿಕ್ಕಿದ್ದು. ನೇರಳೆ ಮರದಡಿ ನಿಮಗಿಂತ ಮುಂಚೆ ಕರಡಿ ಬಂದಿರುತ್ತದೆ ಎನ್ನುವುದು ಬೇರೆ ಮಾತು. ಹಣ್ಣು ಯಳಂದೂರಿನ ಸಂತೆಯಿಂದ ತನ್ನಿ.

ಪ್ರಶ್ನೆ: ಇಂಗ್ಲಿಷಿನಲ್ಲಿ ಕಾಬ್ಲರ್ ಎಂದರೆ ಚಪ್ಪಲಿ ಹೊಲಿಯುವವರು. ತಿಂಡಿಗೆ ಆ ಹೆಸರೇಕೆ?
— ನಿವೃತ್ತ ಮೇಷ್ಟ್ರು, ಹನೂರು

ಉತ್ತರ: ಮೇಷ್ಟ್ರೇ, ಮೇಲಿನ ಹಿಟ್ಟು ಉಬ್ಬುತಗ್ಗಾಗಿ ಬೆಂದು ಗುಂಡುಕಲ್ಲು ಹಾಸಿದ ಹಳೆಯ ಬೀದಿಯಂತೆ ಕಾಣುತ್ತದೆ, ಅಂಥ ಕಲ್ಲಿಗೆ ಇಂಗ್ಲಿಷಿನಲ್ಲಿ ‘ಕಾಬಲ್’ ಎನ್ನುತ್ತಾರೆ, ಅದರಿಂದ ಬಂತು ಎನ್ನುವವರಿದ್ದಾರೆ. ಕೈಗೆ ಸಿಕ್ಕಿದ್ದನ್ನು ಜೋಡಿಸಿ ಮಾಡಿದ್ದರಿಂದ ಎನ್ನುವವರೂ ಇದ್ದಾರೆ. ನಮ್ಮ ‘ಚಿರೋಟಿ’ಯ ಹೆಸರಿಗೂ ಜಗಳವಿಲ್ಲದ ಉತ್ತರ ಯಾರ ಬಳಿ ಇದೆ ಹೇಳಿ.

ಪ್ರಶ್ನೆ: ನೇರಳೆ ಸಕ್ಕರೆ ಕಾಯಿಲೆಗೆ ಒಳ್ಳೆಯದಂತೆ. ನಮ್ಮ ಯಜಮಾನರಿಗೆ ಹತ್ತು ವರ್ಷದಿಂದ ಶುಗರ್. ಈ ಕಾಬ್ಲರ್ ಕೊಡಬಹುದೇ?
— ಮಾಂಬಳ್ಳಿ

ಉತ್ತರ: ಬೇಡ. ಒಂದು ಕಪ್ ಸಕ್ಕರೆ, ಒಂದು ಕಪ್ ಮೈದಾ ಬಿದ್ದ ತಟ್ಟೆಯನ್ನು ನೇರಳೆಯ ಹೆಸರು ಕಾಪಾಡುವುದಿಲ್ಲ. ನೇರಳೆ ಬೀಜದ ಪುಡಿಯ ಮಾತೂ ಎಲ್ಲೆಡೆ ಓಡಾಡುತ್ತದೆ. ಅದನ್ನು ನಂಬಿ ಮಾತ್ರೆ ಬಿಡಬಾರದು. ಹಣ್ಣನ್ನೇ ಹಾಗೆಯೇ ಎಷ್ಟು ತಿನ್ನಬಹುದೆಂದು ಅವರನ್ನು ನೋಡುವ ವೈದ್ಯರನ್ನು ಕೇಳಿ.

ಪ್ರಶ್ನೆ: ಮನೆಯಲ್ಲಿ ಕಡೆದ ಬೆಣ್ಣೆ ಹಾಕಿದೆ. ತಳ ಒದ್ದೆ ಒದ್ದೆ, ಅಂಚಿಗೆ ಗರಿ ಬರಲೇ ಇಲ್ಲ. ಅಂಗಡಿಯದೇ ತರಬೇಕೆ? ಮಿಕ್ಕದ್ದನ್ನು ಮಾರನೆಯ ದಿನಕ್ಕೆ ಇಡಬಹುದೆ?
— ಲೊಕ್ಕನಹಳ್ಳಿ

ಉತ್ತರ: ಅಂಗಡಿಯದು ಬೇಕಿಲ್ಲ. ಕಡೆದ ಬೆಣ್ಣೆಯಲ್ಲಿ ನೀರು, ಮಜ್ಜಿಗೆ ಹೆಚ್ಚು ಉಳಿದಿರುತ್ತದೆ. ಅದು ಆವಿಯಾಗುವವರೆಗೆ ಅಂಚು ಗರಿಯಾಗುವುದಿಲ್ಲ. ತಣ್ಣೀರಿನಲ್ಲಿ ಎರಡು ಸಲ ತೊಳೆದು, ಚೆನ್ನಾಗಿ ಹಿಂಡಿ ಬಳಸಿ. ಇಲ್ಲವೇ ಅರ್ಧ ಕಾಯಿಸಿ, ನೊರೆ ಅಡಗಿ ಚಟಪಟ ಸದ್ದು ಇಳಿಯುತ್ತಿದ್ದಂತೆ ತುಪ್ಪವಾಗುವ ಮೊದಲೇ ಇಳಿಸಿಬಿಡಿ. ಪೂರ್ತಿ ತುಪ್ಪವೇ ಹಾಕುವುದಾದರೆ 75 ಗ್ರಾಂ ಬೆಣ್ಣೆಯ ಬದಲು 60 ಗ್ರಾಂ ಸಾಕು. ಅಂಗಡಿಯ ಉಪ್ಪು ಬೆಣ್ಣೆ ತಂದರೆ ಹಿಟ್ಟಿಗೆ ಉಪ್ಪು ಹಾಕಬಾರದು. ಒಮ್ಮೆ ನಾನು ಎರಡನ್ನೂ ಹಾಕಿ, ಬಂದ ನೆಂಟರ ಮುಂದೆ ಕಾಬ್ಲರನ್ನು ಉಪ್ಪಿನಕಾಯಿ ಮಾಡಿ ಇಟ್ಟಿದ್ದೆ. ಅವರು ಮರ್ಯಾದೆಗೆ ತಿಂದರು, ಮತ್ತೆರಡು ಲೋಟ ನೀರು ಕೇಳಿದರು.

ಮಿಕ್ಕದ್ದನ್ನು ಹೊರಗೆ ಇಡಬೇಡಿ, ಈ ಸೆಕೆಗೆ ಹಣ್ಣು ಹುಳಿಯುತ್ತದೆ. ಫ್ರಿಜ್ಜಿನಲ್ಲಿ ಎರಡು ದಿನ ಇರುತ್ತದೆ, ಗರಿ ಮಾತ್ರ ಹೋಗುತ್ತದೆ. ಅದಕ್ಕೆ ನಿಮ್ಮ ಊರಿನ ಹತ್ತಿರದಲ್ಲೇ ಉಪಾಯವಿದೆ. ಒಡೆಯರಪಾಳ್ಯದಲ್ಲಿ 1970ರ ದಶಕದಿಂದ ನೆಲೆಸಿರುವ ಟಿಬೆಟನ್ನರ ‘ಬಾಲೆಪ್’ ರೊಟ್ಟಿ ಓವನ್ನಿಲ್ಲದೆ ಬೇಯುತ್ತದೆ, ದಪ್ಪ ಕಾವಲಿಯ ಮೇಲೆ, ಸಣ್ಣ ಉರಿಯಲ್ಲಿ. ಕಾಬ್ಲರಿನ ತುಂಡನ್ನೂ ಹಾಗೆಯೇ, ಹಿಟ್ಟಿನ ಮಗ್ಗುಲು ಕೆಳಗೆ ಮಾಡಿ, ಒಣ ಕಾವಲಿಯ ಮೇಲೆ ಐದು ನಿಮಿಷ ಮುಚ್ಚಿ, ಎರಡು ನಿಮಿಷ ತೆರೆದು ಬಿಸಿ ಮಾಡಿ. ಹಣ್ಣಿನ ಕಾಲ ಮುಗಿಯುವ ಮುಂಚೆ ನೇರಳೆ ತಿರುಳನ್ನು ನಿಂಬೆರಸ ಬೆರೆಸಿ, ಒಂದು ಸಲಕ್ಕೆ ಬೇಕಾಗುವಷ್ಟೇ ಸಣ್ಣ ಡಬ್ಬಿಗಳಿಗೆ ತುಂಬಿ ಫ್ರೀಜರಿಗೆ ಹಾಕಿಡಿ. ಬಳಸುವಾಗ ಪೂರ್ತಿ ಕರಗಲು ಬಿಡಬೇಡಿ, ರಸವೆಲ್ಲ ಸೋರಿ ಹಿಟ್ಟಿಗಿಳಿಯುತ್ತದೆ. ಅರ್ಧ ಗಡ್ಡೆಯಿರುವಾಗಲೇ ಚಮಚದಲ್ಲಿ ಕೆರೆದು ಹಾಕಿ, ಬೇಯಲು ಹತ್ತು ನಿಮಿಷ ಹೆಚ್ಚಿಗೆ ಕೊಡಿ.